ಶೀಲಾ ಗೌಡರ ಕೃತಿಗಳ ಸಿಂಹಾವಲೋಕನ ಬೆಂಗಳೂರಿನಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್‌ಗಳಲ್ಲಿ ಕಲಿತು, ಬೆಂಗಳೂರಿನಲ್ಲೇ ನೆಲೆನಿಂತ ಕಲಾವಿದೆ ಶೀಲಾ ಗೌಡ ಅವರ ಎರಡು ದಶಕಗಳಿಗೂ ಮೀರಿದ ಕೆಲಸವನ್ನು 2019ರಲ್ಲಿ ಮಿಲಾನ್‌ನ ಕಲಾಕೇಂದ್ರ ಪಿರೆಲ್ಲಿ ಹ್ಯಾಂಗರ್ ಬಿಕೋಕಾ ಒಂದೇ ಸೂರಿನಡಿ ತೋರಿಸಿತು. ಮರುವರ್ಷ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಕಲಾಸಂಗ್ರಹಾಲಯದಲ್ಲೂ ಅವರ ದೊಡ್ಡ ಪ್ರದರ್ಶನ ನಡೆಯಿತು. ಅಂಥ ಸಿಂಹಾವಲೋಕನವನ್ನು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ (ಎನ್‌ಜಿಎಂಎ) ಅಥವಾ ಕಸ್ತೂರ್ಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ (ಮ್ಯಾಪ್) ಕೈಗೆತ್ತಿಕೊಳ್ಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

2009ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಕಾಣಿಸಿಕೊಂಡು ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿರುವ ‘ಬಿಹೋಲ್ಡ್’ ಕೃತಿಯಲ್ಲಿ, ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗವು ಗೋಡೆಯ ಮೇಲೆ ಸುತ್ತಿ, ಗಂಟಿಕ್ಕಿ, ಜೋತುಬಿದ್ದು ಕಾರಿನ ಬಂಪರುಗಳನ್ನು ಹೊತ್ತಿರುತ್ತದೆ. ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕೂದಲ ಹಗ್ಗ ಕಟ್ಟುವ ನಮ್ಮ ಬೀದಿಗಳ ರೂಢಿಯೇ ಅದರ ಮೂಲ. ಹೊರದೇಶದ ಪ್ರೇಕ್ಷಕರಿಗೆ ಇದನ್ನು ಫಲಕದಲ್ಲಿ ವಿವರಿಸಬೇಕಾಗುತ್ತದೆ. ವಿವರಣೆ ಓದಿ ಮುಗಿಸಿದೊಡನೆ ಕೃತಿ ಅರ್ಥವಾಯಿತೆಂಬ ಸಮಾಧಾನವೂ ಅವರಿಗೆ ಸಿಕ್ಕಿಬಿಡುತ್ತದೆ. ನಮ್ಮ ಲಾರಿ ಚಾಲಕರಿಗೆ ಹಗ್ಗ ಮೊದಲೇ ಗೊತ್ತು. ಆದ್ದರಿಂದ ಇಷ್ಟೊಂದು ಹಗ್ಗ ಏಕೆ, ಇಷ್ಟೊಂದು ಮುಡಿ ಕೊಟ್ಟವರು ಯಾರು, ಅದಕ್ಕೆ ಬೆಲೆ ಕಟ್ಟಿದವರು ಯಾರು ಎಂಬ ಪ್ರಶ್ನೆಗಳಿಂದಲೇ ಅವರ ನೋಟ ಶುರುವಾಗುತ್ತದೆ. ರೂಪಕ್ಕಿಂತ ವಿಚಾರವೇ ಮುಖ್ಯವಾದ ಪರಿಕಲ್ಪನಾತ್ಮಕ ಕಲೆ ಜನಸಾಮಾನ್ಯರಿಗೆ ದಕ್ಕುವಂಥದ್ದಲ್ಲ ಎಂಬ ಮಾತನ್ನು (ಜನಸಾಮಾನ್ಯರಿಗಿಂತ ಕಲಾವಲಯದವರೇ ಇದನ್ನು ಹೆಚ್ಚು ಆಡುತ್ತಾರೆ) ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ಕೃತಿ ನನಗೆ ತೋಚುತ್ತಿಲ್ಲ.

1992–93ರ ಮುಂಬೈ ಗಲಭೆಗಳ ಕಾಲದಲ್ಲಿ ಚಿತ್ರಕಲೆಯಿಂದ ಸೆಗಣಿಯನ್ನೇ ಕಲೆಯ ಸಾಮಗ್ರಿಯಾಗಿಸುವತ್ತ ಹೊರಳಿದ ಅವರ ಹಾದಿಯೂ ಹಾಗೆಯೇ ಇಲ್ಲಿ ಬೇರೆ ಬಗೆಯಲ್ಲಿ ಓದಿಸಿಕೊಂಡೀತು. ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಂತೂ ಶ್ರಮವೇ ವಸ್ತು. ಒಂದೊಂದು ಸೂಜಿಯ ಕಣ್ಣಿಗೂ ಬಲು ಉದ್ದದ ದಾರ ಪೋಣಿಸಿ, ಅದನ್ನು ಅರ್ಧದವರೆಗೆ ಎಳೆದು, ಅಂಥ ಎಳೆಗಳನ್ನು ಒಟ್ಟುಗೂಡಿಸಿ, ಅಂಟು ಬೆರೆತ ಕುಂಕುಮ ಸವರಿ ಹಗ್ಗವಾಗಿಸಿದ್ದಾರೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಉಳಿದಿವೆ. ಕೆಂಪು ಹಗ್ಗದ ಅಂದಕ್ಕೆ ಮಾರುಹೋಗಿ ಬಳಿ ಬಂದವರಿಗೆ ಕಟ್ಟಕಡೆಗೆ ಕಾಣುವುದು ಆ ಮೊನೆಗಳು.

ಈ ಹಗ್ಗವನ್ನು ಆಯಾ ಕೋಣೆಗೆ ತಕ್ಕಂತೆ ಪ್ರತಿಸಲವೂ ಹೊಸದಾಗಿ ಇಳಿಬಿಡಬೇಕಾಗುತ್ತದೆ. ಅದನ್ನು ಮಾಡಬಲ್ಲ ಕಲಾವಿದೆಯ ಕೈಗಳು ಇದೇ ನಗರದಲ್ಲಿರುವಾಗ ಸಂಗ್ರಹಾಲಯಗಳು ಯೋಜನೆಯನ್ನು ಮುಂದೂಡಬಾರದು. ಪ್ರದರ್ಶನ ಏರ್ಪಟ್ಟರೆ ಅದು ವಾರದ ರಜೆಯಿಲ್ಲದೆ ದುಡಿಯುವವರೂ ಬರಲಾಗುವಂತೆ ರಾತ್ರಿಯ ಹೊತ್ತೂ ತೆರೆದಿರಲಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗ, ಬೆಂಗಳೂರು