ಆರ್‌ಒ ಪೈಪಿನ ನೀರು ಸಿಂಕಿಗೆ ಬಿಡಬೇಡಿ

ಬೀದಿಯ ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮನೆ ಆರ್‌ಒ ಫಿಲ್ಟರಿನ ಹಿಂದಿರುವ, ಬೇಡದ ನೀರು ಹೊರಬಿಡುವ ಸಣ್ಣ ಪೈಪನ್ನು ಬಕೆಟ್ಟಿಗೆ ಬಿಟ್ಟು ನೋಡಿದೆ. ಕುಡಿಯಲು ಒಂದು ಬಿಂದಿಗೆ ತುಂಬುವಷ್ಟರಲ್ಲಿ ಬಕೆಟ್ ತುಂಬಿ ಚೆಲ್ಲುತ್ತಿತ್ತು. ಇಷ್ಟು ವರ್ಷ ಅದೆಲ್ಲ ಚರಂಡಿ ಸೇರಿದೆ. ನಿಜಕ್ಕೂ ಹೊಟ್ಟೆ ಉರಿಯಿತು.

ಬೆಂಗಳೂರಿಗೆ ಕಾವೇರಿ ಸುಮ್ನೆ ಹರಿದು ಬರುವುದಿಲ್ಲ, ಅಲ್ವಾ? ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರ. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡಿ ಒಟ್ಟು ಸುಮಾರು 500 ಮೀಟರ್ ಮೇಲೆತ್ತುತ್ತಾರೆ. ಹಗಲೂ ರಾತ್ರಿ ಕರೆಂಟು ಉರಿಯುತ್ತದೆ. ಆಮೇಲೆ ಸಂಪಿನಿಂದ ಟ್ಯಾಂಕಿಗೆ ನಾವೂ ಮೋಟಾರ್ ಹಾಕುತ್ತೇವೆ.

ದಯವಿಟ್ಟು ಆ ಪೈಪನ್ನು ಒಂದು ಬಕೆಟ್ಟಿಗೆ ತಿರುಗಿಸಿ. ನೆಲ ಒರೆಸಲು, ಟಾಯ್ಲೆಟ್ಟಿಗೆ, ಪಾತ್ರೆಯ ಮುಸುರೆ ತೊಳೆಯಲು ಧಾರಾಳವಾಗಿ ಆಗುತ್ತದೆ. ಕುಂಡದ ಗಿಡಗಳಿಗೆ ಮಾತ್ರ ದಿನಾ ಹಾಕಬೇಡಿ, ಲವಣ ಜಾಸ್ತಿ ಇರುತ್ತದೆ.

ಬೋರ್‌ವೆಲ್ ನೀರು ಸೇರದೆ ಬರೀ ಕಾವೇರಿ ಬರುವ ಮನೆಯವರು ಆರ್‌ಒ ಬೇಕೇ ಬೇಕಾ ಅಂತಲೂ ಯೋಚಿಸಿ. ನನ್ನ ಹತ್ತಿರ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಇದೆ. ಭಾನುವಾರ ಬೆಳಿಗ್ಗೆ ಮನೆಗೇ ತರುತ್ತೇನೆ, ಬೇಕಾದವರು ಇಲ್ಲೇ ತಿಳಿಸಿ.