ಭಾನುವಾರ ಬ್ಯಾಕಪ್ ತನ್ನಿ

ಎಲ್ಲರಿಗೂ ನಮಸ್ಕಾರ್ರಿ. ಈ ಭಾನುವಾರ ಸಂಜೆ 5ಕ್ಕೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಮಾಮೂಲಿ ಕೋಣೆಯಲ್ಲಿ ಸೇರೋಣ. ಭಾಷಣ ಇಲ್ಲ. ನಿಮ್ಮ ಡೇಟಾಬೇಸ್ ಬ್ಯಾಕಪ್ ತನ್ನಿ, ಖಾಲಿ ಸರ್ವರ್‌ನಲ್ಲಿ ಅದು ನಿಜವಾಗಿ ಮರಳಿ ಬರುತ್ತದಾ ನೋಡೋಣ. (ಗ್ರಾಹಕರ ಡೇಟಾ ಬೇಡ, ಟೆಸ್ಟ್ ಡೇಟಾ ಸಾಕು.)

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್ ಇದೆ ಅಂದುಕೊಂಡಿದ್ದರು. ಅವರ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನ ಆವೃತ್ತಿ ಹೊಂದದೆ ಅದು ಸದ್ದಿಲ್ಲದೆ ಫೇಲ್ ಆಗುತ್ತಿತ್ತು, ಎಚ್ಚರಿಕೆಯ ಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆಯ ಡೇಟಾ ಹೋಯಿತು. ನನಗೆ ಹಿಡಿಸಿದ್ದು ಬೇರೆ. ಹೆಸರು ಹಿಡಿದು ಯಾರನ್ನೂ ದೂರದೆ, ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆದರು. ನಮ್ಮ ಟೀಮುಗಳಲ್ಲಿ ಮೊದಲ ಪ್ರಶ್ನೆಯೇ ‘ಯಾರು ಮಾಡಿದ್ದು?’ ಅಲ್ವಾ?

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಕರೆಂಟ್ ನಂಬಬೇಡಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡೇ ಬನ್ನಿ.