ಯಾರ ನಂಬರ್ ಕೊಡಲಿ?

ಮಾನ್ಯ ಸಂಪಾದಕರೇ,

ನಾನು ಸಾರಿಗೆ ಸಂಸ್ಥೆಯಲ್ಲಿ 32 ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ವಯಸ್ಸು 68. ಜೇಬಿನಲ್ಲಿರುವುದು ಬಟನ್ ಒತ್ತುವ ಡಬ್ಬಾ ಫೋನು. ಕಳೆದ ತಿಂಗಳು ಮನೆಯಾಕೆಯನ್ನು ಕರೆದುಕೊಂಡು ಅರಸೀಕೆರೆಯಿಂದ ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಬೆಳಗಿನ ಮೊದಲ ಬಸ್ಸು ಹಿಡಿದು ಏಳೂವರೆಗೆಲ್ಲ ಬಾಗಿಲ ಮುಂದೆ ಕೂತಿದ್ದೆವು. ನಮಗಿಂತ ಮುಂಚೆ ಬಂದಿದ್ದವರು ಇಬ್ಬರೇ. ಮೂರನೇ ನಂಬರ್ ನಮ್ಮದು, ಹನ್ನೊಂದರ ಬಸ್ಸಿಗೆ ವಾಪಸ್ ಹೊರಡಬಹುದು ಎಂದು ಲೆಕ್ಕ ಹಾಕಿದ್ದೆ.

ಕೌಂಟರ್ ತೆರೆದ ಮೇಲೆ ಅಲ್ಲಿದ್ದ ಹುಡುಗಿ ಗೋಡೆ ಕಡೆ ಕೈ ತೋರಿಸಿದಳು. ಅಲ್ಲೊಂದು ಕ್ಯೂಆರ್ ಕೋಡ್ ಅಂಟಿಸಿತ್ತು. "ಅದನ್ನ ಸ್ಕ್ಯಾನ್ ಮಾಡಿ ಅಂಕಲ್, ಟೋಕನ್ ಬರುತ್ತೆ." ನನ್ನ ಫೋನು ತೆಗೆದು ತೋರಿಸಿದೆ. ನಕ್ಕಳು. ಕೆಟ್ಟ ನಗುವೇನಲ್ಲ. "ಹಾಗಾದ್ರೆ ಯಾರದಾದ್ರೂ ವಾಟ್ಸಾಪ್ ನಂಬರ್ ಹೇಳಿ" ಅಂದಳು. ಮಗ ತುಮಕೂರಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು, ಪಾಳಿಯಲ್ಲಿದ್ದಾಗ ಫೋನು ಹೊರಗಿಡಬೇಕು. ಪಕ್ಕದ ಮನೆಯ ಪಿಯುಸಿ ಓದುವ ಹುಡುಗನ ನಂಬರ್ ನೆನಪಿತ್ತು, ಅದನ್ನೇ ಕೊಟ್ಟೆ. ಬಂದ ಟೋಕನ್ 41. ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ಬುಕ್ ಮಾಡಿಕೊಂಡವರೆಲ್ಲ ನಮ್ಮ ಮುಂದಿದ್ದರು. ಒಂಬತ್ತೂವರೆಗೆ ಕಾರಿನಲ್ಲಿ ಬಂದಿಳಿದವರು ನೇರ ಒಳಗೆ ಹೋದರು. ನಾವು ಡಾಕ್ಟರ ಮುಖ ಕಂಡಾಗ ಮಧ್ಯಾಹ್ನ ಎರಡು ದಾಟಿತ್ತು.

ಕಾದದ್ದು ಹೋಗಲಿ. ಕಂಡಕ್ಟರ್ ಆಗಿದ್ದವನಿಗೆ ಕಾಯುವುದೂ ಗೊತ್ತು, ಕಾಯಿಸುವುದೂ ಗೊತ್ತು. ಈ ಪತ್ರ ಬರೆಯಲು ಕೂತದ್ದು ಮರುದಿನ ಸಂಜೆ ನಡೆದದ್ದಕ್ಕೆ.

ಸ್ಕ್ಯಾನಿಂಗ್ ರಿಪೋರ್ಟನ್ನು ಕಾಗದದಲ್ಲಿ ಕೊಡುವುದಿಲ್ಲ, ಕೊಟ್ಟ ನಂಬರಿಗೆ ವಾಟ್ಸಾಪ್ ಮಾಡುತ್ತೇವೆ ಎಂದಿದ್ದರು. ಮಾಡಿದರು. ಪಕ್ಕದ ಮನೆ ಹುಡುಗ ಒಳ್ಳೆಯವನು, ಬಂದ ತಕ್ಷಣ ಓಡಿ ಬಂದ. ನಮ್ಮ ಜಗಲಿ ಮುಂದೆ ನಿಂತು, "ತಾತ, ಅಜ್ಜಿಗೆ ಗರ್ಭಕೋಶದಲ್ಲಿ ಗಡ್ಡೆ ಅಂತ ಬಂದಿದೆ" ಎಂದು ಕೂಗಿ ಹೇಳಿದ. ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ನಾಲ್ಕು ಜನ ಹೆಂಗಸರು ತಿರುಗಿ ನೋಡಿದರು. ನಮ್ಮಾಕೆ ಈ ವಿಷಯವನ್ನು ಹೆತ್ತ ಮಗಳಿಗೂ ಹೇಳಿರಲಿಲ್ಲ. ಮಂಡಿ ನೋವಿಗೆ ತೋರಿಸಿಕೊಂಡು ಬರುತ್ತೇವೆ ಎಂದು ಬೀದಿಯವರಿಗೆಲ್ಲ ಹೇಳಿ ಹೊರಟಿದ್ದಳು. ಅವತ್ತು ಒಳಗೆ ಹೋಗಿ ಮಲಗಿದವಳು ರಾತ್ರಿ ಊಟಕ್ಕೂ ಏಳಲಿಲ್ಲ. ಹುಡುಗನನ್ನು ಬೈಯುವುದಕ್ಕೂ ಆಗಲಿಲ್ಲ. ನಂಬರ್ ಕೊಟ್ಟವನು ನಾನು.

ಒಂದು ಸ್ಮಾರ್ಟ್‌ಫೋನ್ ತೆಗೆದುಕೊಂಡರೆ ಮುಗಿಯಿತಲ್ಲ ಎನ್ನುವವರು ಬಹಳ. ಮಗ ತಂದುಕೊಟ್ಟಿದ್ದ. ಟಿಕೆಟ್ ಹರಿದು, ನೋಟು ಎಣಿಸಿ ಸವೆದ ನನ್ನ ಹೆಬ್ಬೆರಳು ಆ ಗಾಜಿನ ಮೇಲೆ ಒಂದಕ್ಕೆ ಒತ್ತಿದರೆ ಇನ್ನೊಂದಕ್ಕೆ ತಗಲುತ್ತಿತ್ತು. ಅದನ್ನಾದರೂ ಸಹಿಸಿಕೊಂಡೆ. ಆದರೆ ನನ್ನ ಜೊತೆ ಎಷ್ಟೋ ವರ್ಷ ಒಂದೇ ಶೆಡ್ಯೂಲ್‌ನಲ್ಲಿ ಗಾಡಿ ಓಡಿಸಿದ ಡ್ರೈವರ್, ಟ್ರಾಫಿಕ್ ದಂಡದ ನೋಟಿಸ್ ಎಂದು ವಾಟ್ಸಾಪ್‌ಗೆ ಬಂದ ಫೈಲನ್ನು ಒತ್ತಿ, ಗ್ರಾಚ್ಯುಟಿಯಲ್ಲಿ ಉಳಿಸಿಕೊಂಡಿದ್ದ ಲಕ್ಷ ಚಿಲ್ಲರೆ ಹಣ ಕಳೆದುಕೊಂಡ. ಸೈಬರ್ ವಂಚನೆಯ ದೂರು ಕೊಡುವ 1930 ನಂಬರಿಗೆ ಕೂಡಲೇ ಫೋನ್ ಮಾಡಬೇಕೆಂಬುದು ಅವನಿಗೆ ತಿಳಿಯುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಮಾರನೇ ವಾರವೇ ನಾನು ಆ ಫೋನನ್ನು ಸೊಸೆಯ ಕೈಗೆ ಕೊಟ್ಟು ಹಳೇ ಡಬ್ಬಾಕ್ಕೆ ಸಿಮ್ ಹಾಕಿಕೊಂಡೆ. ಇದು ಹೆದರಿಕೆ ಎಂದರೆ ಹೌದು, ಹೆದರಿಕೆಯೇ. ಪಿಎಫ್ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಲ್ಲಿ ಬದುಕುವವನಿಗೆ ಇರಬೇಕಾದ ಹೆದರಿಕೆ.

ಹಾಗೆಂದು ಯಂತ್ರವೆಂದರೆ ಆಗದ ಮುದುಕ ನಾನಲ್ಲ. ಟಿಕೆಟ್ ಟ್ರೇ ಹೋಗಿ ಮೆಷಿನ್ ಬಂದಾಗ ಡಿಪೊದಲ್ಲಿ ಮೊದಲು ಕಲಿತವರಲ್ಲಿ ನಾನೂ ಒಬ್ಬ. ರಾತ್ರಿ ಹನ್ನೊಂದಕ್ಕೆ ಕೂತು ವೇಬಿಲ್ (ಟಿಕೆಟ್ ಮಾರಿದ ಲೆಕ್ಕದ ಹಾಳೆ) ತಾಳೆ ನೋಡುವ ಕೆಲಸ ತಪ್ಪಿತಲ್ಲ ಎಂದು ಅದಕ್ಕೆ ಕೈ ಮುಗಿದಿದ್ದೆ. ಆದರೆ ಮೆಷಿನ್ ಇದ್ದದ್ದು ನನ್ನ ಕೊರಳಲ್ಲಿ, ಪ್ರಯಾಣಿಕರ ಕೊರಳಲ್ಲಲ್ಲ. ಸಂತೆಯಿಂದ ಬರುವ ಅಜ್ಜಿ ಮೊದಲಿನಂತೆಯೇ ಸೆರಗಿನ ಗಂಟು ಬಿಚ್ಚಿ ಕಾಸು ಕೊಡುತ್ತಿದ್ದಳು. ಈಗಿನ ಶಕ್ತಿ ಯೋಜನೆಯನ್ನೇ ನೋಡಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಿದ್ದಾರೆ. ಅಷ್ಟು ದೊಡ್ಡ ಯೋಜನೆ, ಹತ್ತುವವರ ಕೈಯಲ್ಲಿ ಯಾವ ಫೋನಿದೆ ಎಂದು ಕೇಳುವುದಿಲ್ಲ.

ಗ್ಯಾಸ್ ಸಿಲಿಂಡರ್ ಮಿಸ್ಡ್ ಕಾಲ್‌ಗೇ ಬುಕ್ ಆಗುತ್ತದೆ. ಓಟಿಪಿ ನನ್ನ ಡಬ್ಬಾ ಫೋನಿಗೂ ಬರುತ್ತದೆ. ದುಡ್ಡು ಕಳಿಸಲು *99# ಎಂಬ ದಾರಿ ಹತ್ತು ವರ್ಷಕ್ಕಿಂತ ಹಿಂದಿನದು. ನಮ್ಮಂಥ ಫೋನಿನವರಿಗೆಂದೇ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಶುರು ಮಾಡಿತು. ಕರೆ ಮಾಡಿಯೇ ಹಣ ಕಳಿಸಬಹುದು. ಇದನ್ನು ನನ್ನ ಖಾತೆ ಇರುವ ಶಾಖೆಯಲ್ಲಿ ಕೇಳಿದಾಗ ಅಲ್ಲಿನ ಸಿಬ್ಬಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಆ್ಯಪ್ ಹಾಕಿಸ್ಕೊಂಡುಬಿಡಿ ಸರ್, ಸುಲಭ" ಎಂದರು. ಸುಲಭ ಯಾರಿಗೆ ಎಂದು ಕೇಳಲು ಹೋಗಲಿಲ್ಲ, ಹಿಂದೆ ಕ್ಯೂ ಬೆಳೆದಿತ್ತು.

ಆದ್ದರಿಂದ ಡಬ್ಬಾ ಫೋನಿನವರಿಗೆ ಸೇವೆ ಕೊಡಲು ಆಗುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿದೋಷ ಉಳ್ಳವರು, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಮಾಡಿಸಲು ನಮ್ಮಿಂದ ಆಗದು ಎಂದು ಹೋದಾಗ, ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿತು. ನನ್ನ ಕಷ್ಟ ಅವರ ಕಷ್ಟದ ಮುಂದೆ ಏನೂ ಅಲ್ಲ. ಆದರೆ ಗೋಡೆಗೆ ಅಂಟಿಸಿದ ಆ ಚೌಕದ ಮುಂದೆ ನಿಂತಾಗ ಆ ತೀರ್ಪು ನೆನಪಾಯಿತು.

ನಾನು ಕೇಳುವುದು ದೊಡ್ಡದಲ್ಲ. ಆ್ಯಪ್ ಇರಲಿ. ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ಕೂ ಇರಲಿ, ಮುಂಜಾನೆ ಬಂದು ನಿಂತವರಿಗೆ ಅದರಲ್ಲಿ ನಂಬರ್ ಕೊಡಲಿ. ಆ್ಯಪ್‌ನವರೊಬ್ಬರು ಒಳಗೆ ಹೋದ ಮೇಲೆ ಕೌಂಟರ್‌ನವರೊಬ್ಬರು ಹೋಗಲಿ. ಮುಖ್ಯವಾಗಿ, ರಿಪೋರ್ಟ್ ಕೇಳಿದವರಿಗೆ ಕಾಗದದಲ್ಲಿ, ಲಕೋಟೆಗೆ ಹಾಕಿ, ರೋಗಿಯ ಕೈಗೇ ಕೊಡಲಿ. ಪ್ರಿಂಟಿಗೆ ಹತ್ತು ರೂಪಾಯಿ ಬೇಕಾದರೂ ತೆಗೆದುಕೊಳ್ಳಲಿ. ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಲೇಬೇಕು. ಜಿಲ್ಲೆಯಲ್ಲಿ ಆ ನೋಂದಣಿ ಮಾಡುವವರು ಒಂದು ಸುತ್ತೋಲೆ ಹೊರಡಿಸಿದರೆ ಇಷ್ಟು ಆಗುತ್ತದೆ.

ಚಿಲ್ಲರೆ ಇಲ್ಲವೆಂದು ನಾನು ಯಾರನ್ನೂ ಬಸ್ಸಿನಿಂದ ಇಳಿಸಿದವನಲ್ಲ. ಕೊಡಬೇಕಾದ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಟ್ಟು ಕರೆದೊಯ್ಯುತ್ತಿದ್ದೆ. (ಇಳಿಯುವಾಗ ಕೇಳಲು ಮರೆತು ಹೋದವರ ಲೆಕ್ಕವನ್ನು ದೇವರ ಮುಂದೆ ಒಪ್ಪಿಸುವುದು ಬಾಕಿಯಿದೆ, ಅದು ಬೇರೆ ಮಾತು.)

ಬರುವ ತಿಂಗಳು ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು, ಆಪರೇಷನ್ ಬೇಕೋ ಬೇಡವೋ ಎಂದು ಅವತ್ತು ಹೇಳುತ್ತಾರಂತೆ. "ಆ ಹುಡುಗನ ನಂಬರ್ ಮಾತ್ರ ಕೊಡಬೇಡಿ" ಎಂದಿದ್ದಾಳೆ ಮನೆಯಾಕೆ. ಮಗನದು ಕೊಟ್ಟರೆ ಸೊಸೆ ನೋಡುತ್ತಾಳೆ, ಅದೂ ಬೇಡವಂತೆ. ಯಾರ ನಂಬರ್ ಕೊಡುವುದೆಂದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್, ಅರಸೀಕೆರೆ